ಪ್ಲಸ್ ಮರ ಎಂದರೇನು?

ತೇಗದ ನೆಡುತೋಪಿನಲ್ಲಿ ನೆರೆಯ ಮರಗಳಿಗಿಂತ ದಪ್ಪವಾಗಿ, ನೆಟ್ಟಗೆ, ತುಂಬ ಎತ್ತರದವರೆಗೆ ಕವಲೊಡೆಯದೆ ಬೆಳೆದ ಮರವನ್ನು ತಳಿ ಸುಧಾರಣೆಗೆಂದು ಆರಿಸಿ, ಕಾಂಡಕ್ಕೆ ಬಣ್ಣದ ಪಟ್ಟಿ ಬಳಿದು ಸಂಖ್ಯೆ ಬರೆದರೆ ಅದು ಪ್ಲಸ್ ಮರ. ನೋಟದಿಂದ ಮಾಡಿದ ಆಯ್ಕೆ ಇದು, ಅಷ್ಟೆ.

ಒಂದೇ ವಯಸ್ಸಿನ ತೋಪಿನಲ್ಲಿ ಅಭ್ಯರ್ಥಿ ಮರವನ್ನು ಹತ್ತಿರದ ಐದು ದೊಡ್ಡ ಮರಗಳ ಜೊತೆ ಹೋಲಿಸುವುದು ರೂಢಿ. ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಸುತ್ತಳತೆ ಹಿಡಿಯುತ್ತಾರೆ. ಒಟ್ಟು ಎತ್ತರ, ಮೊದಲ ಕವಲಿನವರೆಗಿನ ಕಾಂಡದ ಉದ್ದವನ್ನೂ ಬರೆದುಕೊಳ್ಳುತ್ತಾರೆ. ತೋಪಿನ ಅಂಚಿನ ಮರ, ಪಕ್ಕದ್ದು ಬಿದ್ದು ಬೆಳಕು ಸಿಕ್ಕ ಮರ, ಹಳೆಯ ಬೊಡ್ಡೆಯಿಂದ ಚಿಗುರಿ ಎದ್ದ ಮರ ಇವನ್ನು ಮೊದಲೇ ಬಿಡಬೇಕು. ಅವುಗಳ ದಪ್ಪ ಜಾಗದ ಅಥವಾ ಹಳೆ ಬೇರಿನ ಕೃಪೆ. ಸಹಜ ಕಾಡಿನಲ್ಲಂತೂ ವಯಸ್ಸೇ ತಿಳಿಯದ್ದರಿಂದ ಹೋಲಿಕೆಗೆ ಹೆಚ್ಚು ಬೆಲೆಯಿಲ್ಲ.

ಲೆಕ್ಕ ಹಾಕಿದರೆ ಆಸೆ ತುಸು ಇಳಿಯುತ್ತದೆ. ಮರದ ಸುತ್ತಳತೆ ತೋಪಿನ ಸರಾಸರಿಗಿಂತ ಶೇ 30 ಹೆಚ್ಚು, ಆ ಗುಣದ ಆನುವಂಶಿಕತೆ (ಹೆಚ್ಚಳದಲ್ಲಿ ಸಂತತಿಗೆ ದಾಟುವ ಪಾಲು) 0.2 ಎಂದಿಟ್ಟುಕೊಳ್ಳಿ. ತಂದೆ, ತಾಯಿ ಎರಡೂ ಅಂಥವೇ ಆದರೆ ಸಸಿಗಳಲ್ಲಿ ನಿರೀಕ್ಷಿಸಬಹುದಾದ ಹೆಚ್ಚಳ ಶೇ 6. ಪ್ಲಸ್ ಮರದ ಕೆಳಗೆ ಬಿದ್ದ ಬೀಜವನ್ನೇ ಆಯ್ದು ತಂದರೆ ಶೇ 3, ಏಕೆಂದರೆ ಪರಾಗ ಸುತ್ತಲಿನ ಯಾವುದೋ ಸಾಧಾರಣ ಮರದ್ದು.

ಬೀಜತೋಪು, ಅಂದರೆ ಬೀಜಕ್ಕೆಂದೇ ಬೆಳೆಸುವ ತೋಪು, ಮಾಡುವುದು ಇದಕ್ಕೇ. ಬೇರೆ ಬೇರೆ ಪ್ಲಸ್ ಮರಗಳ ಮೊಗ್ಗು ತಂದು, ಸಸಿಗಳ ಬುಡಕ್ಕೆ ಕಣ್ಣುಕಸಿ ಮಾಡಿ, ಒಂದೇ ತದ್ರೂಪಿಯ (ಒಂದೇ ಮರದ ಮೊಗ್ಗಿನಿಂದ ಬಂದ) ಗಿಡಗಳು ಅಕ್ಕಪಕ್ಕ ಬರದಂತೆ ದೂರ ದೂರ ನೆಡುತ್ತಾರೆ. ತೇಗಕ್ಕೆ ತನ್ನದೇ ಪರಾಗ ಒಗ್ಗುವುದು ಬಲು ಕಡಿಮೆ. ಇಲ್ಲಿ ಸದ್ದಿಲ್ಲದೆ ಆಗುವ ಅನಾಹುತವೆಂದರೆ ಕಸಿಯ ಕೆಳಗಿನ ಚಿಗುರು. ಅದನ್ನು ಆಗಾಗ ಚಿವುಟದಿದ್ದರೆ ಕಸಿ ಕಣ್ಣು ಸೊರಗಿ, ಬುಡಸಸಿಯೇ ಮರವಾಗುತ್ತದೆ. ಫಲಕದಲ್ಲಿ ಮಾತ್ರ ಪ್ಲಸ್ ಮರದ ಸಂಖ್ಯೆ ಉಳಿದಿರುತ್ತದೆ.

ತೇಗದಲ್ಲಿ ಇನ್ನೊಂದು ಪೇಚಿದೆ. ಹೂಗೊಂಚಲು ಬರುವುದು ಕಾಂಡದ ತುದಿಯಲ್ಲಿ, ಆದ್ದರಿಂದ ಮೊದಲ ಸಲ ಹೂಬಿಟ್ಟಲ್ಲಿಗೆ ನೇರ ಬೆಳವಣಿಗೆ ನಿಂತು ಕವಲೊಡೆಯುತ್ತದೆ. ಉದ್ದ ಕಾಂಡಕ್ಕಾಗಿ ಆರಿಸಿದಾಗ ತಡವಾಗಿ ಹೂಬಿಡುವ ಮರವನ್ನೇ ಆರಿಸಿದಂತಾಯಿತು. ಅಂಥವುಗಳ ಬೀಜತೋಪಿನಲ್ಲಿ ಬೀಜ ಕಡಿಮೆ, ಅದೂ ತಡ. ಜೊತೆಗೆ ಎಲ್ಲ ತದ್ರೂಪಿಗಳೂ ಒಟ್ಟಿಗೆ ಹೂಬಿಡದಿದ್ದರೆ ನಾಲ್ಕಾರು ಮರಗಳಷ್ಟೇ ತಮ್ಮತಮ್ಮಲ್ಲಿ ಬೆರೆತು ಬೀಜ ಕೊಡುತ್ತವೆ.

ಆಯ್ಕೆ ಸರಿಯಾಗಿತ್ತೇ ಎಂದು ಹೇಳುವುದು ಸಂತತಿ ಪರೀಕ್ಷೆ. ಪ್ರತಿ ತಾಯಿಮರದ ಬೀಜವನ್ನು ಬೇರೆಯಾಗಿಟ್ಟು, ಎಲ್ಲವನ್ನೂ ಒಂದೇ ನರ್ಸರಿಯಲ್ಲಿ ಒಂದೇ ಬಗೆಯಲ್ಲಿ ಬೆಳೆಸಿ, ಹಲವು ಬ್ಲಾಕುಗಳಲ್ಲಿ (ನೆಲದ ತುಂಡುಗಳಲ್ಲಿ) ಚೀಟಿ ಎತ್ತಿದಂತೆ ಕ್ರಮ ತಪ್ಪಿಸಿ ನೆಡುತ್ತಾರೆ. ಸಾಮಾನ್ಯ ಬೀಜದ ಸಸಿಗಳೂ ಹೋಲಿಕೆಗೆ ಇರಲೇಬೇಕು. ಸುತ್ತ ಅಂಚುಸಾಲು ಬಿಡುತ್ತಾರೆ, ಅವನ್ನು ಅಳೆಯುವುದಿಲ್ಲ. ಒಂದೇ ಜಾಗದ ಫಲಿತಾಂಶ ಸಾಲದು: ದಾಂಡೇಲಿಯ ಮಳೆಯಲ್ಲಿ ಗೆದ್ದ ಕುಟುಂಬ, ಅಂದರೆ ಒಂದೇ ತಾಯಿಮರದ ಸಸಿಗಳು, ಬಯಲುಸೀಮೆಯ ಒಣ ನೆಲದಲ್ಲಿ ಹಿಂದೆ ಬೀಳಬಹುದು. ಸೋತ ಕುಟುಂಬಗಳ ತಾಯಿಮರದ ತದ್ರೂಪಿಗಳನ್ನು ಬೀಜತೋಪಿನಿಂದ ಕಡಿದು ತೆಗೆಯುತ್ತಾರೆ. ಗೆದ್ದ ತಾಯಿಮರವನ್ನು ಅಲ್ಲಿಂದ ಮುಂದೆ ಎಲೈಟ್ ಮರ ಎನ್ನುತ್ತಾರೆ.