ಹಾಯಿಕಂಬದ ತಂತಿ ಎಲ್ಲಿ ಸೋಲುತ್ತದೆ?

ಹುಬ್ಬಳ್ಳಿಯಿಂದ ನವಲಗುಂದಕ್ಕೆ ಹೋಗುವಾಗ ಎರೆ ಹೊಲದಲ್ಲಿ ಕರೆಂಟಿನ ಲೈನು ತಿರುಗುವ ಜಾಗ ನೋಡಿ. ಅಲ್ಲಿನ ಕಂಬಕ್ಕೆ ಒಂದು ದಪ್ಪ ತಂತಿ ಕಟ್ಟಿ, ಓರೆಯಾಗಿ ಎಳೆದು ನೆಲಕ್ಕೆ ಬಿಗಿದಿರುತ್ತಾರೆ. ಲೈನ್‌ಮನ್‌ಗಳು ಅದಕ್ಕೆ ಸ್ಟೇ ಅನ್ನುತ್ತಾರೆ. ಲೈನು ಒಂದು ಕಡೆ ಎಳೆದರೆ ಸ್ಟೇ ಇನ್ನೊಂದು ಕಡೆ ಎಳೆಯುತ್ತದೆ, ಕಂಬ ನೆಟ್ಟಗೆ ನಿಲ್ಲುತ್ತದೆ. ಕಾರವಾರದ ಕಡಲಲ್ಲಿ ಓಡುವ ಸಣ್ಣ ಹಾಯಿದೋಣಿಯ ಕಂಬ ನಿಲ್ಲುವುದೂ ಹೀಗೆಯೇ. ಮುಂದಕ್ಕೊಂದು, ಹಿಂದಕ್ಕೊಂದು, ಎರಡೂ ಪಕ್ಕಕ್ಕೆ ಇನ್ನಷ್ಟು ತಂತಿಗಳು.

ಆದರೆ ಎರಡೂ ಹಾಳಾಗುವ ಬಗೆ ಬೇರೆ. ಹೊಲದ ಸ್ಟೇಗೆ ಸತುವಿನ ಲೇಪ ಇರುತ್ತದೆ. ಮೊದಲು ಸತು ಸವೆಯುತ್ತದೆ, ಆಮೇಲೆ ಕೆಂಪು ತುಕ್ಕು ಏಳುತ್ತದೆ. ರಸ್ತೆಯಲ್ಲಿ ನಿಂತವರಿಗೂ ಅದು ಕಾಣುತ್ತದೆ. ಇವತ್ತಿನ ದೋಣಿಗಳಲ್ಲಿ ಹೆಚ್ಚಾಗಿ ಇರುವುದು ಸ್ಟೇನ್‌ಲೆಸ್ ಸ್ಟೀಲ್ ತಂತಿ. ನಡುವೆ ಒಂದು ಎಳೆ, ಸುತ್ತ 6, ಹೊರಗೆ 12, ಒಟ್ಟು 19 ಎಳೆಗಳು. ಹತ್ತು ವರ್ಷ ಕಳೆದರೂ ಅದು ಹೊಳೆಯುತ್ತಲೇ ಇರಬಹುದು. ಅಪಾಯ ಇರುವುದು ಆ ಹೊಳಪಿನಲ್ಲೇ.

ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕನಿಷ್ಠ 10.5% ಕ್ರೋಮಿಯಂ ಇರುತ್ತದೆ. ಗಾಳಿಯ ಆಮ್ಲಜನಕ ತಾಗಿದಾಗ ಅದು ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆ ಕಟ್ಟುತ್ತದೆ. ಗೀರು ಬಿದ್ದರೆ ಪೊರೆ ತಾನೇ ಮತ್ತೆ ಬೆಳೆಯುತ್ತದೆ. ಆದರೆ ಅದಕ್ಕೆ ಆಮ್ಲಜನಕ ಸಿಗಬೇಕಲ್ವಾ? ಈಗ ತಂತಿಯ ಕೆಳತುದಿಗೆ ಬನ್ನಿ. ಅಲ್ಲಿ ತಂತಿಯನ್ನು ಒಂದು ಲೋಹದ ಕೊಳವೆಗೆ ತೂರಿಸಿ ಅದುಮಿರುತ್ತಾರೆ. ಉಪ್ಪುನೀರು ಎಳೆಗಳ ಗುಂಟ ಇಳಿದು ಕೊಳವೆಯ ಬಾಯಲ್ಲಿ ನಿಲ್ಲುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಸಂದಿಯೊಳಗೆ ಆಮ್ಲಜನಕ ಮುಗಿದಾಗ ಪೊರೆ ಬೆಳೆಯುವುದಿಲ್ಲ, ಉಪ್ಪಿನ ಕ್ಲೋರೈಡ್ ಉಕ್ಕನ್ನು ಕೊರೆಯಲು ಶುರು ಮಾಡುತ್ತದೆ. ಮೇಲಿನ ತುದಿಯ ಕೊಳವೆಯಲ್ಲಿ ನೀರು ನಿಲ್ಲದೆ ಇಳಿದುಹೋಗುತ್ತದೆ. ಅದಕ್ಕೇ ಕೆಳತುದಿ ಮೊದಲು ಹೋಗುವುದು ಜಾಸ್ತಿ.

ಇದರ ಜೊತೆಗೆ ಲೋಹದ ದಣಿವು, ಅಂದರೆ ಮತ್ತೆ ಮತ್ತೆ ಭಾರ ಬಿದ್ದು ಲೋಹ ಸೋಲುವುದು. ಜರ್ಮನಿಯ ಹಾರ್ಜ್ ಬೆಟ್ಟಗಳ ಗಣಿಗಳಲ್ಲಿ ಅದಿರು ಎತ್ತುವ ಸರಪಳಿಗಳು ದಿನಾ ಭಾರ ಹೊತ್ತು ಹೊತ್ತು, ಒಂದು ದಿನ ಅದೇ ಮಾಮೂಲಿ ಭಾರಕ್ಕೇ ತುಂಡಾಗುತ್ತಿದ್ದವು. ಇದಕ್ಕೆ ಉತ್ತರವಾಗಿ ಅಲ್ಲಿನ ಗಣಿ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟ್ 1834ರಲ್ಲಿ ಕಬ್ಬಿಣದ ಎಳೆಗಳನ್ನು ಹೊಸೆದು ಹಗ್ಗ ಮಾಡಿದ. ಸರಪಳಿಯಲ್ಲಿ ಒಂದು ಕೊಂಡಿ ಹೋದರೆ ಎಲ್ಲ ಹೋಯಿತು. ಹಗ್ಗದಲ್ಲಿ ಒಂದು ಎಳೆ ಹೋದರೆ ಉಳಿದವು ಹಿಡಿಯುತ್ತವೆ. ದೋಣಿ ಪ್ರತಿ ಅಲೆಗೂ ಓಲಾಡುವಾಗ ತಂತಿ ಸ್ವಲ್ಪ ಬಾಗಿ ಏಳುತ್ತದೆ. ಆ ಬಾಗು ಬಂದು ನಿಲ್ಲುವುದು ಕೊಳವೆಯ ಬಾಯಲ್ಲೇ. ಉಪ್ಪು ಕೊರೆದ ಜಾಗವೂ ಅದೇ.

ಹಾಗಾಗಿ ತಪಾಸಣೆಯನ್ನು ಅಲ್ಲಿಂದಲೇ ಶುರು ಮಾಡಬೇಕು. ಒಂದು ಹತ್ತಿ ಬಟ್ಟೆ ಹಿಡಿದು ತಂತಿಯ ಉದ್ದಕ್ಕೂ ಸವರಿ. ಮುರಿದ ಎಳೆ ಇದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬರಿಗೈ ಬೇಡ, ಕೈ ಸೀಳುತ್ತದೆ. ಕೊಳವೆಯ ಬಾಯಲ್ಲಿ ಕಂದು ಕಲೆ ಕಂಡರೆ ಒರೆಸಿ. ಮತ್ತೆ ಅಲ್ಲೇ ಬಂದರೆ ಅನುಮಾನ ಪಡಿ. ಕೊಳವೆಯ ಮೈಮೇಲೆ ಕೂದಲೆಳೆಯಂಥ ಬಿರುಕು ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ಕಣ್ಣಿಗೆ ಸಿಗದಿದ್ದರೆ ಕೆಂಪು ಬಣ್ಣದ ದ್ರವ ಹಚ್ಚಿ, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸುವ ಪರೀಕ್ಷೆ ಇದೆ. ಬಿರುಕಿನಲ್ಲಿ ಉಳಿದ ಬಣ್ಣ ಕೆಂಪು ಗೆರೆಯಾಗಿ ಹೊರಬರುತ್ತದೆ.

19ರಲ್ಲಿ ಒಂದೇ ಎಳೆ ಮುರಿದಿದೆ, ಉಳಿದ 18 ಇವೆಯಲ್ಲ ಅನ್ನುವ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಉಳಿದವೂ ಅಷ್ಟೇ ವರ್ಷ ಅದೇ ಉಪ್ಪು ಕುಡಿದಿವೆ, ಅಷ್ಟೇ ಸಲ ಬಾಗಿವೆ. ಆ ತಂತಿ ಬದಲಿಸಲೇಬೇಕು, ಅದರ ಎದುರಿನ ಜೋಡಿಯನ್ನೂ. ಮುರಿಯದಿದ್ದರೂ 10ರಿಂದ 15 ವರ್ಷಕ್ಕೆ ಎಲ್ಲವನ್ನೂ ಬದಲಿಸುವುದು ರೂಢಿ. ನಮ್ಮ ಕರಾವಳಿಯ ಬಿಸಿಗೆ ಉಪ್ಪು ಲೋಹವನ್ನು ಬೇಗ ಕೊರೆಯುತ್ತದೆ, ಹಾಗಾಗಿ ಇಲ್ಲಿ 10ನ್ನೇ ಹಿಡಿಯುವುದು ಒಳ್ಳೆಯದು.

ಸಣ್ಣ ದೋಣಿಯಾದರೆ ಕಂಬವನ್ನೇ ಮಲಗಿಸಿ ತಂತಿ ಬದಲಿಸಬಹುದು. ಇಲ್ಲದಿದ್ದರೆ ಒಂದೊಂದಾಗಿ ಬಿಚ್ಚಬೇಕು. ಬಿಚ್ಚಿದ ತಂತಿಯ ಜಾಗದಲ್ಲಿ, ಹಾಯಿ ಏರಿಸುವ ಹಗ್ಗವನ್ನು ಕಟ್ಟಿ ಕಂಬಕ್ಕೆ ಆಸರೆ ಕೊಡಬೇಕು.

ತಂತಿ ಎಷ್ಟು ಬಿಗಿಯಾಗಿದೆ ಎಂದು ತಿಳಿಯುವುದು ಹೇಗೆ? ಇದಕ್ಕೆ ಸುಂದರವಾದ ಅಳತೆಯೊಂದಿದೆ. ಸಡಿಲ ಇರುವಾಗ ತಂತಿಯ ಮೇಲೆ 2 ಮೀಟರ್ ಗುರುತು ಹಾಕಿ, ನಂತರ ಬಿಗಿಯುತ್ತಾ ಹೋಗಿ. ಆ 2 ಮೀಟರ್ 1 ಮಿಲಿಮೀಟರ್ ಹಿಗ್ಗಿದರೆ, ತಂತಿ ತುಂಡಾಗುವ ಭಾರದ ಸುಮಾರು 5% ಬಿದ್ದಿದೆ ಎಂದರ್ಥ. 3 ಮಿಲಿಮೀಟರ್ ಅಂದರೆ 15%. 19 ಎಳೆಯ ತಂತಿ ತೆಳುವಾಗಿದ್ದರೂ ದಪ್ಪವಾಗಿದ್ದರೂ ಲೆಕ್ಕ ಇದೇ. ದಪ್ಪ ಹೆಚ್ಚಿದಷ್ಟೂ ಹಿಗ್ಗಿಸಲು ಬೇಕಾದ ಬಲ, ತುಂಡು ಮಾಡಲು ಬೇಕಾದ ಬಲ ಎರಡೂ ಒಂದೇ ಪ್ರಮಾಣದಲ್ಲಿ ಏರುತ್ತವೆ. ಹೊಸ ತಂತಿ ಮೊದಮೊದಲು ಸ್ವಲ್ಪ ಸಡಿಲಾಗುತ್ತದೆ, ಮತ್ತೆ ಬಿಗಿಯಬೇಕಾಗುತ್ತದೆ. ಪ್ರತಿ ಸಲ ಬಿಗಿದ ಮೇಲೂ ಟರ್ನ್‌ಬಕಲ್ (ತಂತಿ ಬಿಗಿಯುವ ತಿರುಪು) ತಾನಾಗಿ ಬಿಚ್ಚದಂತೆ ಪಿನ್ನು ಹಾಕಿ, ತುದಿ ಬಗ್ಗಿಸಿ, ಅದರ ಮೇಲೆ ಟೇಪು ಸುತ್ತಿ. ಇಲ್ಲದಿದ್ದರೆ ಆ ಚೂಪು ತುದಿ ಹಾಯಿಯನ್ನು ಹರಿದುಬಿಡುತ್ತದೆ.