ಕಾರಿಗೆ ತನ್ನ ರಿಮೋಟ್ ಗುರುತು ಸಿಗುವುದು ಹೇಗೆ?

ಕೊಡಗಿನ ಮಳೆಗಾಲದಲ್ಲಿ ಜೇಬು ಒದ್ದೆ, ಚೀಲ ಒದ್ದೆ. ಕಾರಿನ ರಿಮೋಟ್ ಒಳಗಿನ ಸಣ್ಣ ಬೋರ್ಡಿಗೂ ತೇವ ಹತ್ತುತ್ತದೆ. ಅದು ಕೆಟ್ಟರೆ ಮಡಿಕೇರಿಗೋ ಗೋಣಿಕೊಪ್ಪಕ್ಕೋ ಹೋಗಿ ಹೊಸದು ಕೇಳುತ್ತೇವೆ. ‘ಪ್ರೋಗ್ರಾಮ್ ಮಾಡಬೇಕು’ ಅನ್ನುತ್ತಾರೆ. ರಿಮೋಟ್‌ಗೆ ಏನೋ ತುಂಬುತ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಎಷ್ಟೋ ಕಾರುಗಳಲ್ಲಿ ಆಗುವುದು ಉಲ್ಟಾ. ಕಲಿಯುವುದು ಕಾರು.

ಬಟನ್ ಒತ್ತಿದರೆ ರಿಮೋಟ್ ರೇಡಿಯೊ ಸಂದೇಶ ಕಳಿಸುತ್ತದೆ, ನಮ್ಮಲ್ಲಿ ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್‌ನಲ್ಲಿ. ಅಮೆರಿಕದಲ್ಲಿ 315 ಬಳಕೆ ಜಾಸ್ತಿ, ಹಾಗಾಗಿ ಅಲ್ಲಿಂದ ತರಿಸಿದ್ದು ನೋಡಲು ಒಂದೇ ಥರ ಇದ್ದರೂ ಇಲ್ಲಿನ ಕಾರಿಗೆ ಕೇಳಿಸದೇ ಹೋಗಬಹುದು. ಸಂದೇಶದಲ್ಲಿ ರಿಮೋಟಿನ ಗುರುತಿನ ಸಂಖ್ಯೆ ಇರುತ್ತದೆ. ಜೊತೆಗೆ, ಒತ್ತಿದಷ್ಟೂ ಸಲ ಏರುತ್ತಾ ಹೋಗುವ ಒಂದು ಲೆಕ್ಕವನ್ನು ಗುಪ್ತ ಸಂಕೇತವಾಗಿ ಬದಲಿಸಿ ಕಳಿಸುತ್ತದೆ. ಇದೇ ರೋಲಿಂಗ್ ಕೋಡ್. ಕಾರು ಹಳೆಯ ಲೆಕ್ಕವನ್ನು ಮತ್ತೆ ಒಪ್ಪುವುದಿಲ್ಲ, ಆದ್ದರಿಂದ ಒಮ್ಮೆ ಬಾಗಿಲು ತೆರೆದ ಸಂದೇಶವನ್ನು ಯಾರಾದರೂ ರೆಕಾರ್ಡ್ ಮಾಡಿ ಮತ್ತೆ ಕೇಳಿಸಿದರೆ ಪ್ರಯೋಜನವಿಲ್ಲ. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಕೀಲಾಕ್ ಈ ಬಗೆಯ ಪ್ರಸಿದ್ಧ ವ್ಯವಸ್ಥೆ.

ಮನೆಯೊಳಗೆ ಮಗು ಸುಮ್ನೆ ಒತ್ತುತ್ತಾ ಕೂತಿದೆ, ಕಾರು ಕಾಫಿ ಕಣದ ಆಚೆ ಇದೆ ಅನ್ನಿ. ರಿಮೋಟಿನ ಲೆಕ್ಕ ಓಡುತ್ತದೆ, ಕಾರಿನದು ನಿಂತಲ್ಲೇ ನಿಲ್ಲುತ್ತದೆ. ಕೀಲಾಕ್ ಪದ್ಧತಿಯಲ್ಲಿ ಸಾಮಾನ್ಯವಾಗಿ 16ರ ಒಳಗಿನ ಅಂತರವಾದರೆ ಬಾಗಿಲು ತೆರೆಯುತ್ತದೆ. ಜಾಸ್ತಿಯಾದರೆ ಸಾಲಾಗಿ ಎರಡು ಸಂದೇಶ ಕೇಳಿಸಿಕೊಂಡು ಕಾರು ಲೆಕ್ಕ ಸರಿಮಾಡಿಕೊಳ್ಳುತ್ತದೆ. ಅದಕ್ಕೇ ಕಾರಿನ ಪಕ್ಕ ನಿಂತು ಮತ್ತೊಮ್ಮೆ ಒತ್ತಿ ನೋಡಿ, ಗ್ಯಾರೇಜಿಗೆ ಆಮೇಲೆ ಹೋದರಾಯಿತು.

ಕಲಿಸುವುದು ಎಂದರೆ ಈ ಗುರುತು, ಸಂಕೇತ ಬಿಡಿಸುವ ಗುಪ್ತ ಕೀಲಿ, ಲೆಕ್ಕ ಮೂರನ್ನೂ ಕಾರಿನ ನೆನಪಿಗೆ ಸೇರಿಸುವುದು. ಕೆಲವು ಕಾರುಗಳಲ್ಲಿ ಕೀಯನ್ನು ಗೊತ್ತಾದ ಕ್ರಮದಲ್ಲಿ ಆನ್-ಆಫ್ ಮಾಡಿದರೆ ಸಾಕು. ಉಳಿದವಕ್ಕೆ ಸ್ಟೀರಿಂಗ್ ಕೆಳಗಿನ, ಕಾರಿನ ಕಂಪ್ಯೂಟರ್ ಜೊತೆ ಸಂಪರ್ಕಕ್ಕೆ ಇರುವ ಒಬಿಡಿ ಸಾಕೆಟ್‌ಗೆ ಮೆಕ್ಯಾನಿಕ್ ಸ್ಕ್ಯಾನರ್ ಹಾಕಬೇಕು. ಕೆಲವದರಲ್ಲಿ ಹೊಸದನ್ನು ಕಲಿಸುವಾಗ ಹಳೆಯವೆಲ್ಲ ಅಳಿಸಿಹೋಗುತ್ತವೆ, ಮನೆಯಲ್ಲಿರುವ ಎಲ್ಲ ರಿಮೋಟ್‌ಗಳನ್ನೂ ಒಯ್ಯಿರಿ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಂತೂ ಹಳೆಯವನ್ನು ಅಳಿಸಿಸಲೇಬೇಕು. ಹಿಂದಿನ ಮಾಲೀಕರ ಮನೆಯಲ್ಲಿ ಉಳಿದ ರಿಮೋಟ್ ಇಂದಿಗೂ ನಿಮ್ಮ ಬಾಗಿಲು ತೆರೆಯಬಲ್ಲದು ಅಲ್ವಾ?

ಎಂಜಿನ್ ವಿಷಯ ಬೇರೆ. ಇಮ್ಮೊಬಿಲೈಸರ್, ಅಂದರೆ ಸರಿಯಾದ ಕೀ ಇಲ್ಲದೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ, ಇರುವ ಕಾರಿನಲ್ಲಿ ತಿರುಗಿಸುವ ಕೀ ಒಳಗೆ ಒಂದು ಚಿಪ್ ಇದ್ದು, ಅದಕ್ಕೆ ಸೆಲ್ ಬೇಡ. ಕೀ ತೂರುವ ಜಾಗದ ಸುತ್ತಲಿನ ಸುರುಳಿಯೇ ಅದಕ್ಕೆ ಶಕ್ತಿ ಕೊಡುತ್ತದೆ. ಭಾಗಮಂಡಲದ ದಾರಿಯಲ್ಲಿ ರಾತ್ರಿ ರಿಮೋಟಿನ ಸೆಲ್ ಸತ್ತರೂ ಕೀಯಿಂದಲೇ ಬಾಗಿಲು ತೆರೆದು, ಗಾಡಿ ಸ್ಟಾರ್ಟ್ ಮಾಡಿ ಮನೆ ಸೇರಬಹುದು.