ನೋಡಬಾರದ್ದನ್ನು ನೋಡುವವರು

ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರವೊಂದು ಕೈಗೆ ಸಿಕ್ಕಾಗ ತನಿಖಾಧಿಕಾರಿ ಹುಡುಕುವುದು ಗೋಡೆಯ ಮೇಲಿನ ಪ್ಲಗ್ ಪಾಯಿಂಟನ್ನು. ಅದರ ತೂತುಗಳ ಆಕಾರ ನೋಡಿದರೆ ಅದು ಯಾವ ದೇಶಗಳದ್ದಿರಬಹುದು ಎಂದು ಊಹಿಸಬಹುದು. ಹೊದಿಕೆಯ ಬಟ್ಟೆ, ಔಷಧಿ ಬಾಟಲಿಯ ಚೀಟಿ, ಕಿಟಕಿಯಾಚೆಯ ಮರ, ಹಿಂದೆ ಎಲ್ಲೋ ಕೇಳುವ ಟಿವಿಯ ಭಾಷೆ, ಎಲ್ಲವೂ ಸುಳಿವೇ. 2010ರಲ್ಲಿ ಅಮೆರಿಕದ ತನಿಖಾಧಿಕಾರಿಗಳಿಗೆ ಸಿಕ್ಕ ಒಂದು ಚಿತ್ರದಲ್ಲಿ ಪುಟ್ಟ ಮಗುವಿನ ಜೊತೆ ಮೊಲದ ಗೊಂಬೆಯೊಂದಿತ್ತು. ಅದು ನೆದರ್‌ಲ್ಯಾಂಡ್ಸ್‌ನಲ್ಲಿ ಮನೆಮಾತಾದ ಮಿಫಿ. ಆ ಜಾಡು ಹಿಡಿದು ಚಿತ್ರ ಡಚ್ ಪೊಲೀಸರಿಗೆ ತಲುಪಿತು. ಅವರು ಮಗುವಿನ ಮುಖವನ್ನಷ್ಟೇ ಟಿವಿಯಲ್ಲಿ ತೋರಿಸಿದರು. ಮಗುವಿನ ಗುರುತು ಸಿಕ್ಕಿತು, ಅಪರಾಧಿಯೂ ಸಿಕ್ಕಿಬಿದ್ದ. ಅವನಿಂದ ನೊಂದ ಇನ್ನೂ ಹತ್ತಾರು ಮಕ್ಕಳಿದ್ದರು ಎಂಬುದು ಆಮೇಲೆ ಹೊರಬಿತ್ತು.

2017ರಲ್ಲಿ ಯುರೋಪಿಯನ್ ಒಕ್ಕೂಟದ ಪೊಲೀಸ್ ಸಹಕಾರ ಸಂಸ್ಥೆ ಯೂರೋಪೋಲ್ ಇದೇ ಉಪಾಯವನ್ನು ಜನರ ಮುಂದಿಟ್ಟಿತು. ಚಿತ್ರದಿಂದ ಒಂದು ಚೀಲವನ್ನೋ ಅಂಗಿಯನ್ನೋ ಮಾತ್ರ ಕತ್ತರಿಸಿ, "ಇದನ್ನು ಎಲ್ಲಾದರೂ ನೋಡಿದ್ದೀರಾ?" ಎಂದು ಕೇಳತೊಡಗಿತು. ಇಂಥ ಸುಳಿವು ಕಣ್ಣಿಗೆ ಬೀಳಬೇಕಾದರೆ ಯಾರೋ ಒಬ್ಬರು ಇಡೀ ಚಿತ್ರವನ್ನು ಮೊದಲು ನಿಧಾನವಾಗಿ ನೋಡಿರಬೇಕು ಅಲ್ವಾ? ಈ ತನಿಖೆಯ ಮುಖ್ಯ ಉಪಕರಣ ಇವತ್ತಿಗೂ ಮನುಷ್ಯನ ಗಮನವೇ. ಆ ಗಮನ ದಣಿದರೆ ಮೊಲದ ಗೊಂಬೆ ಕಾಣುವುದಿಲ್ಲ. ಹಾಗಾಗಿ ತನಿಖಾಧಿಕಾರಿಯ ಮನಸ್ಸಿನ ಆರೋಗ್ಯವನ್ನು ತನಿಖೆಯಿಂದ ಬೇರೆಯಾಗಿಟ್ಟು ನೋಡುವುದು ತಪ್ಪು ಎಂದು ನಾನು ನಂಬುತ್ತೇನೆ.

ದಣಿವಿಗೆ ಮೊದಲ ಕಾರಣ ಬಂದು ಬೀಳುವ ವರದಿಗಳ ರಾಶಿ. ಅಮೆರಿಕದಲ್ಲಿ ಇಂಥ ದೂರುಗಳನ್ನು ಪಡೆಯುವ ರಾಷ್ಟ್ರೀಯ ಕೇಂದ್ರಕ್ಕೆ 2023ರಲ್ಲಿ ಬಂದ ವರದಿಗಳು 3.6 ಕೋಟಿಗೂ ಜಾಸ್ತಿ. ಅದರಲ್ಲಿ ಬಹುಪಾಲು ಬೇರೆ ದೇಶಗಳಿಗೆ ಸೇರಿದ್ದು. ಒಂದೇ ಚಿತ್ರ ಸಾವಿರ ಕಡೆಯಿಂದ ಬರುತ್ತದೆ. ಕೆಲವು ವರದಿಗಳಲ್ಲಿ ಹಿಡಿದು ಮುಂದೆ ಹೋಗಲು ಏನೂ ಇರುವುದಿಲ್ಲ. ಈ ರಾಶಿಯ ನಡುವೆ ಎಲ್ಲೋ ಇವತ್ತೇ ಅಪಾಯದಲ್ಲಿರುವ ಒಂದು ಮಗು ಇದೆ.

ಇಲ್ಲಿ ನಿಜಕ್ಕೂ ನೆರವಾದದ್ದು ಒಂದು ಗಣಿತ. 2009ರಲ್ಲಿ ಮೈಕ್ರೋಸಾಫ್ಟ್ ಮತ್ತು ಡಾರ್ಟ್‌ಮತ್ ಕಾಲೇಜಿನ ಕಂಪ್ಯೂಟರ್ ವಿಜ್ಞಾನಿ ಹ್ಯಾನಿ ಫರೀದ್ ಸೇರಿ, ಹಿಂದೆ ಕಂಡ ಚಿತ್ರವನ್ನು ಮತ್ತೆ ಗುರುತಿಸುವ ಫೋಟೋಡಿಎನ್‌ಎ ಎಂಬ ತಂತ್ರಜ್ಞಾನ ರೂಪಿಸಿದರು. ಕಡತವೊಂದನ್ನು ಗುರುತಿಸಲು ಅದರಿಂದ ಲೆಕ್ಕಹಾಕಿ ತೆಗೆಯುವ ಪುಟ್ಟ ಸಂಕೇತಕ್ಕೆ ಹ್ಯಾಶ್ ಎನ್ನುತ್ತಾರೆ. ಮಾಮೂಲಿ ಹ್ಯಾಶ್‌ನಲ್ಲಿ ಒಂದು ತೊಂದರೆ ಇದೆ. ಚಿತ್ರದ ಒಂದೇ ಒಂದು ಚುಕ್ಕಿ ಬದಲಾದರೂ ಇಡೀ ಹ್ಯಾಶ್ ಬದಲಾಗಿಬಿಡುತ್ತದೆ. ಫೋಟೋಡಿಎನ್‌ಎ ಚಿತ್ರವನ್ನು ಕಪ್ಪುಬಿಳುಪು ಮಾಡುತ್ತದೆ, ಚಿಕ್ಕದು ಮಾಡುತ್ತದೆ, ಚೌಕಗಳಾಗಿ ಹಂಚುತ್ತದೆ. ಪ್ರತಿ ಚೌಕದಲ್ಲೂ ಬೆಳಕು ಹೇಗೆ ಏರಿಳಿಯುತ್ತದೆ ಎಂಬುದನ್ನು ಅಂಕಿಗಳಾಗಿ ಬರೆಯುತ್ತದೆ. ಬಣ್ಣ ತಿದ್ದಿದರೂ ಅಳತೆ ಬದಲಿಸಿದರೂ ಅಂಕಿಗಳು ಹೆಚ್ಚುಕಡಿಮೆ ಹಾಗೇ ಉಳಿಯುತ್ತವೆ. ಮನುಷ್ಯರಿಗೆ ಬೆರಳಚ್ಚು ಇದ್ದಂತೆ, ಚಿತ್ರಕ್ಕೆ ಇದು. ಅಂಕಿಗಳಿಂದ ಚಿತ್ರವನ್ನು ಮತ್ತೆ ಕಟ್ಟಬೇಕಿಲ್ಲ, ಹೋಲಿಸಿದರೆ ಸಾಕು.

ಅಂದರೆ ಒಮ್ಮೆ ಒಬ್ಬರು ನೋಡಿ ವರ್ಗೀಕರಿಸಿದ ಚಿತ್ರವನ್ನು ಇನ್ನೊಬ್ಬರು ಮತ್ತೆ ತೆರೆದು ನೋಡುವ ಅಗತ್ಯ ತುಂಬಾ ಕಡಿಮೆಯಾಗುತ್ತದೆ. 2009ರಲ್ಲೇ ಶುರುವಾದ ಇಂಟರ್‌ಪೋಲ್‌ನ ಇಂಥ ಚಿತ್ರಗಳ ದತ್ತಸಂಚಯದಲ್ಲಿ ಹಲವು ದೇಶಗಳ ಪರಿಣತರು ಹೀಗೆ ಕೆಲಸ ಹಂಚಿಕೊಳ್ಳುತ್ತಾರೆ. ಈ ಮಗು ಆಗಲೇ ಪತ್ತೆಯಾಗಿದೆಯೋ, ಬೇರೆ ದೇಶದವರು ಹುಡುಕುತ್ತಿದ್ದಾರೋ ಎಂಬುದು ಅಲ್ಲಿ ಗೊತ್ತಾಗುತ್ತದೆ. ಹಳೆಯದನ್ನು ಯಂತ್ರ ಬೇರ್ಪಡಿಸಿದರೆ ಉಳಿಯುವುದು ಯಾರೂ ನೋಡದ ಹೊಸ ಚಿತ್ರ. ಹೊಸದು ಎಂದರೆ ಹಿಂಸೆ ಇನ್ನೂ ನಡೆಯುತ್ತಿರಬಹುದು. ಮನುಷ್ಯನ ಗಮನ ಮೊದಲು ಹೋಗಬೇಕಾದದ್ದು ಅಲ್ಲಿಗೆ. ಕೃತಕ ಬುದ್ಧಿಮತ್ತೆ ಸೃಷ್ಟಿಸಿದ ಚಿತ್ರಗಳು ಈಗ ಈ ಹಂತವನ್ನೇ ಕಷ್ಟ ಮಾಡುತ್ತಿವೆ. ಇಲ್ಲದ ಮಗುವನ್ನು ಹುಡುಕುತ್ತಾ ಕೂತರೆ ಇರುವ ಮಗುವಿಗೆ ಕೊಡಬೇಕಾದ ಹೊತ್ತು ಕಳೆದುಹೋಗುತ್ತದೆ.

ಇನ್ನು ನೋಡುವವರ ಮಾತು. ಬೇರೆಯವರ ನೋವನ್ನು ಮತ್ತೆ ಮತ್ತೆ ಕಂಡು ಮನಸ್ಸಿಗಾಗುವ ಗಾಯವನ್ನು ಪರೋಕ್ಷ ಆಘಾತ ಎನ್ನಬಹುದು. ನಿದ್ದೆ ಕೆಡುತ್ತದೆ. ಕೇಳದೆಯೇ ಚಿತ್ರಗಳು ಕಣ್ಣ ಮುಂದೆ ಬರುತ್ತವೆ. ಸ್ವಂತ ಮಗುವಿಗೆ ಸ್ನಾನ ಮಾಡಿಸಲು ಹಿಂಜರಿಕೆ, ಆಟದ ಮೈದಾನದಲ್ಲಿ ನಿಂತ ಪ್ರತಿ ಅಪರಿಚಿತನ ಮೇಲೂ ಅನುಮಾನ. ಇದು ದುರ್ಬಲರ ಕಾಯಿಲೆಯಲ್ಲ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಹೊರತಂದ ರೋಗನಿರ್ಣಯ ಕೈಪಿಡಿ ಆಘಾತೋತ್ತರ ಒತ್ತಡದ ಕಾಯಿಲೆಗೆ ಕಾರಣವಾಗಬಲ್ಲ ಅನುಭವಗಳಲ್ಲಿ ಇದನ್ನೂ ಸೇರಿಸಿತು. ಮಕ್ಕಳ ಮೇಲಿನ ದೌರ್ಜನ್ಯದ ವಿವರಗಳನ್ನು ಪದೇ ಪದೇ ಎದುರಿಸುವ ಪೊಲೀಸರನ್ನು ಅದು ಉದಾಹರಣೆಯಾಗಿಯೇ ಹೆಸರಿಸುತ್ತದೆ. ಪರದೆಯ ಮೇಲೆ ನೋಡಿದ್ದು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ, ಕೆಲಸದ ಭಾಗವಾಗಿ ನೋಡಿದ್ದಾದರೆ ಬರುತ್ತದೆ.

ಸಣ್ಣ ಸಣ್ಣ ಬದಲಾವಣೆಗಳಿಗೂ ಬೆಲೆಯಿದೆ. ಚಿತ್ರವನ್ನು ಕಪ್ಪುಬಿಳುಪಾಗಿ, ಚಿಕ್ಕದಾಗಿ ನೋಡುವುದು. ವಿಡಿಯೊದ ಸದ್ದು ನಿಲ್ಲಿಸಿ ನೋಡಿ, ಧ್ವನಿ ಬೇಕಾದಾಗ ಅದನ್ನು ಬೇರೆಯಾಗಿ ಕೇಳುವುದು. ಹಿನ್ನೆಲೆ ಪರಿಶೀಲಿಸುವಾಗ ಮಗುವಿನ ಭಾಗವನ್ನು ಮುಚ್ಚುವುದು. ದಿನದ ಕೊನೆಯ ಕೆಲಸ ಇದಾಗದಂತೆ ನೋಡಿಕೊಳ್ಳುವುದು. 2009ರಲ್ಲಿ ಮನೋವಿಜ್ಞಾನಿ ಎಮಿಲಿ ಹೋಮ್ಸ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಘೋರ ದೃಶ್ಯಗಳ ಚಲನಚಿತ್ರ ನೋಡಿದ ಅರ್ಧ ಗಂಟೆಯ ನಂತರ, ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಎಂಬ ಕಂಪ್ಯೂಟರ್ ಆಟ ಆಡಿದವರಿಗೆ, ಆ ದೃಶ್ಯಗಳು ತಾವಾಗಿ ಮರುಕಳಿಸುವುದು ಕಡಿಮೆಯಾಗಿತ್ತು. ಮೆದುಳಿನ ದೃಶ್ಯ ನೆನಪು ಗಟ್ಟಿಯಾಗುವ ಹೊತ್ತಿನಲ್ಲಿ ಆಟ ಅದೇ ಜಾಗಕ್ಕೆ ಪೈಪೋಟಿ ಕೊಡುತ್ತದೆ ಎಂಬುದು ಅವರ ವಿವರಣೆ. ಇದು ಪ್ರಯೋಗಾಲಯದ ಫಲಿತಾಂಶ. ವರ್ಷಗಟ್ಟಲೆ ದಿನವೂ ನೋಡುವವರಿಗೆ ಒಂದು ಆಟ ಕೊಟ್ಟು ಸುಮ್ನೆ ಕೂರುವಂತಿಲ್ಲ.

ಇಲಾಖೆಯ ರೀತಿನೀತಿ ಇದಕ್ಕಿಂತ ದೊಡ್ಡದು. ಈ ಕೆಲಸಕ್ಕೆ ಒಪ್ಪಿ ಬಂದವರನ್ನೇ ಹಾಕಬೇಕು. ಸಾಕು ಎಂದ ದಿನ, ಬಡ್ತಿಗೆ ಪೆಟ್ಟಾಗದಂತೆ ಹೊರಬರಲು ದಾರಿಯಿರಬೇಕು. ಆಪ್ತಸಮಾಲೋಚನೆ ಎಲ್ಲರಿಗೂ ಕಡ್ಡಾಯವಾದರೆ ಹೋಗುವವರ ಮೇಲೆ ಯಾರೂ ಬೊಟ್ಟು ಮಾಡುವುದಿಲ್ಲ. ತಿಂಗಳ ವರದಿಯಲ್ಲಿ ನೋಡಿ ಮುಗಿಸಿದ ಕಡತಗಳ ಲೆಕ್ಕ ಇದ್ದರೆ ಸಾಲದು, ಗುರುತಿಸಿದ ಮಕ್ಕಳ ಲೆಕ್ಕವೂ ಇರಬೇಕು. ಪ್ಲಗ್ ಪಾಯಿಂಟ್ ಗುರುತಿಸಿದವರು ಒಂದು ಊರಿನಲ್ಲಿ, ಬಾಗಿಲು ತಟ್ಟಿದವರು ಇನ್ನೊಂದು ದೇಶದಲ್ಲಿ ಇರುತ್ತಾರೆ. ಮೊದಲಿನವರಿಗೆ ಮುಂದೇನಾಯಿತು ಎಂದು ತಿಳಿಯದೇ ಹೋಗುವುದು ಎಷ್ಟೋ ಸಲ. ಮಗು ಸಿಕ್ಕಿದ ದಿನ ಅವರಿಗೂ ಎರಡು ಸಾಲಿನ ಸಂದೇಶ ಹೋಗಬೇಕು ಎಂಬ ನಿಯಮ ಮಾಡಲು ಯಾವ ಹೊಸ ತಂತ್ರಜ್ಞಾನವೂ ಬೇಕಿಲ್ಲ.